ಒಂದೇ ಚೆಂಡು, ಮೂವರು ತಾರೆಯರು: ಎನ್‌ಬಿಎ ತಂಡಗಳಲ್ಲಿ ಅಹಂ ಮತ್ತು ಹೊಂದಾಣಿಕೆಯ ಲೆಕ್ಕ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2024-25ರ ಋತುವಿಗೆ ಇಳಿದಾಗ ಫೀನಿಕ್ಸ್ ಸನ್ಸ್ ಲೀಗ್‌ನಲ್ಲೇ ಅತಿ ದುಬಾರಿ ತಂಡವಾಗಿತ್ತು. ಕೆವಿನ್ ಡ್ಯೂರಾಂಟ್, ಡೆವಿನ್ ಬುಕರ್, ಬ್ರಾಡ್ಲಿ ಬೀಲ್: ಮೂವರಲ್ಲಿ ಯಾರೊಬ್ಬರಿಗೆ ಲಯ ಸಿಕ್ಕರೂ ಎದುರಾಳಿಗೆ ಆ ರಾತ್ರಿ ಕಷ್ಟವೇ. ಋತು ಮುಗಿದಾಗ ಕೈಗೆ ಬಂದದ್ದು 36 ಗೆಲುವು, 46 ಸೋಲು. ಪ್ಲೇಆಫ್ ಮಾತಿರಲಿ, ಅದಕ್ಕೆ ಮೊದಲಿನ ಪ್ಲೇ-ಇನ್ ಸುತ್ತಿಗೂ ಜಾಗ ಸಿಗಲಿಲ್ಲ. ಆ ಬೇಸಿಗೆಯಲ್ಲಿ ಡ್ಯೂರಾಂಟ್ ಹ್ಯೂಸ್ಟನ್‌ಗೆ ಹೋದರು, ಬೀಲ್ ಅವರ ಒಪ್ಪಂದವನ್ನು ಹಣ ಕೊಟ್ಟು ಮುಗಿಸಲಾಯಿತು.

ಇಂಥ ತಂಡ ಮುರಿದುಬಿದ್ದಾಗಲೆಲ್ಲ ‘ಅಹಂ ಜಾಸ್ತಿಯಾಯಿತು, ಹೊಂದಾಣಿಕೆ ಇರಲಿಲ್ಲ’ ಎಂಬ ಷರಾ ಬೀಳುತ್ತದೆ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಅಹಂ ಇಲ್ಲದವನು ಎನ್‌ಬಿಎ ತಲುಪುವುದೇ ಇಲ್ಲ. ಇಪ್ಪತ್ತು ಸಾವಿರ ಜನರ ಮುಂದೆ, ಸತತ ಆರು ಶಾಟ್ ತಪ್ಪಿದ ಮೇಲೂ ಏಳನೆಯದನ್ನು ಹಿಂಜರಿಯದೆ ಎತ್ತಬೇಕಾದರೆ ತನ್ನ ಬಗ್ಗೆ ಅಸಾಧ್ಯ ನಂಬಿಕೆ ಬೇಕು. ತಂಡಗಳನ್ನು ಒಡೆಯುವುದು ಇತ್ಯರ್ಥವಾಗದೆ ಉಳಿದ ಹಂಚಿಕೆ. ಹಂಚಬೇಕಾದವು ನಾಲ್ಕು: ಚೆಂಡು, ಆಡುವ ನಿಮಿಷ, ಹಣ, ಕೊನೆಯ ಶಾಟ್. ಇವು ಯಾರಿಗೆ ಎಷ್ಟು ಎಂಬುದು ಬಾಯಿಬಿಟ್ಟು ತೀರ್ಮಾನವಾದ ತಂಡದಲ್ಲಿ ಮಹಾ ಅಹಂಕಾರಿಗಳೂ ಒಟ್ಟಿಗೆ ಆಡಿ ಗೆದ್ದಿದ್ದಾರೆ. ತೀರ್ಮಾನವಾಗದ ಕಡೆ ಒಳ್ಳೆಯ ಸ್ನೇಹಿತರೂ ಕಿತ್ತಾಡಿದ್ದಾರೆ.

ಮೊದಲು ಚೆಂಡಿನ ಲೆಕ್ಕ. ಪಂದ್ಯ 48 ನಿಮಿಷದ್ದು, ಅಂಕಣದಲ್ಲಿ ಐವರು. ಅಂದರೆ ಕೋಚ್ ಕೈಯಲ್ಲಿ ಹಂಚಲು ಇರುವುದು 240 ನಿಮಿಷ. 24 ಸೆಕೆಂಡ್‌ಗಳೊಳಗೆ ಶಾಟ್ ಹೊಡೆಯಲೇಬೇಕಾದ್ದರಿಂದ ಒಂದು ತಂಡಕ್ಕೆ ಪಂದ್ಯವೊಂದರಲ್ಲಿ ಸುಮಾರು ನೂರು ಸಲ ದಾಳಿಯ ಅವಕಾಶ ಸಿಗುತ್ತದೆ. ಆ ಅವಕಾಶಗಳನ್ನು ಯಾರು ಖರ್ಚು ಮಾಡಿದರು ಎಂದು ಅಳೆಯುವುದಕ್ಕೆ ‘ಯೂಸೇಜ್ ರೇಟ್’ ಇದೆ. ಆಟಗಾರ ಹೊಡೆದ ಶಾಟ್‌ಗಳು, ಅವನ ಫ್ರೀ ಥ್ರೋಗಳ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತಗಳ) 0.44 ಪಾಲು, ಅವನು ಕಳೆದುಕೊಂಡ ಚೆಂಡುಗಳು, ಈ ಮೂರನ್ನು ಕೂಡಿಸಿ, ಅವನು ಅಂಕಣದಲ್ಲಿದ್ದಾಗ ಇಡೀ ತಂಡ ಖರ್ಚು ಮಾಡಿದ್ದರಿಂದ ಭಾಗಿಸುತ್ತಾರೆ. ಎಲ್ಲ ಫ್ರೀ ಥ್ರೋಗಳೂ ಒಂದೊಂದು ಅವಕಾಶವನ್ನು ಮುಗಿಸುವುದಿಲ್ಲ. ಎರಡು ಸೇರಿ ಒಂದಾಗಬಹುದು, ಬುಟ್ಟಿಗೆ ಬಿದ್ದ ಶಾಟ್‌ನ ಮೇಲೆ ಬೋನಸ್ಸಾಗಿಯೂ ಒಂದು ಬರಬಹುದು. 0.44 ಬಂದಿರುವುದು ಅದಕ್ಕಾಗಿ. ಒಬ್ಬ 18 ಶಾಟ್ ಹೊಡೆದು, 8 ಫ್ರೀ ಥ್ರೋ ಎಸೆದು, 3 ಸಲ ಚೆಂಡು ಕಳೆದುಕೊಂಡ ಎನ್ನಿ: 18 + 3.52 + 3, ಸುಮಾರು 24.5. ಅವನು ಆಡುತ್ತಿದ್ದಾಗ ತಂಡ ಒಟ್ಟು 80 ಖರ್ಚು ಮಾಡಿದ್ದರೆ ಅವನ ಪಾಲು ಶೇ 30ರಷ್ಟು.

ಐವರ ಪಾಲು ಸೇರಿ ಯಾವತ್ತೂ ಶೇ 100. ಸರಾಸರಿ ತಲೆಗೆ 20. ತಂತಮ್ಮ ಹಳೆಯ ತಂಡದಲ್ಲಿ ಶೇ 30ರಷ್ಟು ಬಳಸುತ್ತಿದ್ದ ಮೂವರನ್ನು ಒಂದೆಡೆ ಸೇರಿಸಿದರೆ 90 ಅಲ್ಲೇ ಮುಗಿಯಿತು. ಉಳಿದಿಬ್ಬರು ತಲಾ ಐದರಲ್ಲಿ ಬದುಕಬೇಕು. ಹಾಗೆ ಯಾವ ತಂಡವೂ ನಡೆಯುವುದಿಲ್ಲ. ಆದ್ದರಿಂದ ಮೂವರು ತಾರೆಯರನ್ನು ಒಟ್ಟುಗೂಡಿಸುವ ಪ್ರತಿ ತಂಡದ ಮುಂದೆಯೂ ಮೊದಲ ದಿನವೇ ನಿಲ್ಲುವ ಪ್ರಶ್ನೆ, ಯಾರು ಎಷ್ಟು ಬಿಡುತ್ತಾರೆ?

ಬಾಸ್ಟನ್ ಸೆಲ್ಟಿಕ್ಸ್ ಇದಕ್ಕೆ 2007ರಲ್ಲಿ ಕೊಟ್ಟ ಉತ್ತರ ಇವತ್ತಿಗೂ ಪಾಠ. ಪಾಲ್ ಪಿಯರ್ಸ್ ಆಗಲೇ ಅಲ್ಲಿದ್ದರು. ಆ ಬೇಸಿಗೆಯಲ್ಲಿ ರೇ ಅಲೆನ್ ಮತ್ತು ಕೆವಿನ್ ಗಾರ್ನೆಟ್ ಬಂದು ಸೇರಿದರು. ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 25.0 ಅಂಕ ಗಳಿಸಿದ್ದ ಪಿಯರ್ಸ್ 19.6ಕ್ಕೆ ಇಳಿದರು. ಗಾರ್ನೆಟ್ 22.4ರಿಂದ 18.8ಕ್ಕೆ, ಅಲೆನ್ 26.4ರಿಂದ 17.4ಕ್ಕೆ. ಮೂವರೂ ಸೇರಿ 18 ಅಂಕ ಬಿಟ್ಟುಕೊಟ್ಟರು. ತಂಡ 24 ಗೆಲುವಿನಿಂದ 66ಕ್ಕೆ ಏರಿತು, 2008ರ ಪ್ರಶಸ್ತಿ ಗೆದ್ದಿತು. ಇದನ್ನು ತ್ಯಾಗ ಎಂದು ಹೊಗಳುವ ಮುನ್ನ ಒಂದನ್ನು ಗಮನಿಸಬೇಕು. ಮೂವರೂ ಮೂವತ್ತು ದಾಟಿದ್ದರು, ದೊಡ್ಡ ಒಪ್ಪಂದಗಳು ಆಗಲೇ ಕೈಲಿದ್ದವು, ಮೂವರ ಬಳಿಯೂ ಪ್ರಶಸ್ತಿ ಇರಲಿಲ್ಲ. ಅಂಕ ಬಿಟ್ಟರೆ ಕಳೆದುಕೊಳ್ಳುವುದು ಕಡಿಮೆ, ಪಡೆಯುವುದು ಹೆಚ್ಚು. 24ನೇ ವಯಸ್ಸಿನಲ್ಲಿ, ಮೊದಲ ದೊಡ್ಡ ಒಪ್ಪಂದದ ಹೊಸ್ತಿಲಲ್ಲಿ ಇರುವವನಿಂದ ಇದೇ ಔದಾರ್ಯ ನಿರೀಕ್ಷಿಸುವುದು ನ್ಯಾಯವಲ್ಲ. ಅವನ ಮಾರುಕಟ್ಟೆ ಬೆಲೆ ನಿಂತಿರುವುದೇ ಆ ಅಂಕಗಳ ಮೇಲೆ.

ಆ ಹೊಂದಾಣಿಕೆಯೂ ಶಾಶ್ವತವಾಗಿರಲಿಲ್ಲ. 2012ರಲ್ಲಿ ಅಲೆನ್ ಕಡಿಮೆ ಹಣಕ್ಕೆ ಎದುರಾಳಿ ಮಯಾಮಿಗೆ ಹೋದರು, ಗಾರ್ನೆಟ್ ಜೊತೆಗಿನ ಮಾತು ವರ್ಷಗಟ್ಟಲೆ ನಿಂತುಹೋಯಿತು. ಹೊಂದಾಣಿಕೆ ಒಮ್ಮೆ ಕುದುರಿದರೆ ಉಳಿದೇ ಇರುತ್ತದೆ ಎಂದು ನಂಬಿದ ಆಡಳಿತಗಳು ಇಂಥಲ್ಲಿ ಬೆಲೆ ತೆತ್ತಿವೆ.

ಕೊನೆಯ 1.8 ಸೆಕೆಂಡ್

ನಾಲ್ಕರಲ್ಲಿ ಅತಿ ಸೂಕ್ಷ್ಮವಾದದ್ದು ಕೊನೆಯ ಶಾಟ್. 1994ರ ಮೇ 13ರಂದು ಶಿಕಾಗೊದಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಮೈಕಲ್ ಜೋರ್ಡನ್ ಹಿಂದಿನ ಅಕ್ಟೋಬರ್‌ನಲ್ಲಿ ನಿವೃತ್ತರಾಗಿದ್ದರು. ಅವರಿಲ್ಲದ ಬುಲ್ಸ್ ತಂಡವನ್ನು ಸ್ಕಾಟಿ ಪಿಪ್ಪೆನ್ 55 ಗೆಲುವಿನವರೆಗೆ ಒಯ್ದಿದ್ದರು. ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಪ್ಲೇಆಫ್ ಸರಣಿಯಲ್ಲಿ ಬುಲ್ಸ್ 0-2 ಹಿಂದಿತ್ತು. ಮೂರನೇ ಪಂದ್ಯ 102-102, ಉಳಿದದ್ದು 1.8 ಸೆಕೆಂಡ್. ಕೋಚ್ ಫಿಲ್ ಜಾಕ್ಸನ್ ಬರೆದ ಯೋಜನೆಯಲ್ಲಿ ಶಾಟ್ ಟೋನಿ ಕುಕೋಚ್‌ಗೆ. ಪಿಪ್ಪೆನ್ ಗೆರೆಯಾಚೆಯಿಂದ ಚೆಂಡು ಎಸೆಯಬೇಕು. ಪಿಪ್ಪೆನ್ ಅಂಕಣಕ್ಕೆ ಇಳಿಯಲು ಒಪ್ಪಲಿಲ್ಲ, ಬೆಂಚಿನಲ್ಲೇ ಉಳಿದರು. ಪೀಟ್ ಮೈಯರ್ಸ್ ಚೆಂಡು ಎಸೆದರು, ಕುಕೋಚ್ ಹೊಡೆದರು, ಬುಲ್ಸ್ 104-102ರಲ್ಲಿ ಗೆದ್ದಿತು.

ಆಟದ ಲೆಕ್ಕದಲ್ಲಿ ಜಾಕ್ಸನ್ ಸರಿ. ಕುಕೋಚ್ ಎತ್ತರದ ಶೂಟರ್, ಪಿಪ್ಪೆನ್ ತಂಡದ ಅತ್ಯುತ್ತಮ ಪಾಸರ್. ಆದರೆ ಪಿಪ್ಪೆನ್ ಕಣ್ಣಿಗೆ ಆ ರೇಖಾಚಿತ್ರದಲ್ಲಿ ಕಂಡದ್ದು ಬೇರೆ. ವರ್ಷಪೂರ್ತಿ ತಂಡ ಹೊತ್ತವನು ಕೊನೆಯ ಕ್ಷಣದಲ್ಲಿ ಚೆಂಡು ಎಸೆಯುವ ಆಳು. ಅದೂ ಯಾರಿಗೆ? ತನ್ನ ಒಪ್ಪಂದದ ಮಾತುಕತೆ ಬಾಕಿಯಿದ್ದಾಗ ಆಡಳಿತ ಬೆನ್ನುಹತ್ತಿ ಹೋಗಿದ್ದ ಆಟಗಾರನಿಗೆ. ಹಣದ ಹಳೆಯ ಗಾಯ ಕೊನೆಯ ಶಾಟ್‌ನ ರೂಪದಲ್ಲಿ ಒಡೆಯಿತು.

ನಂತರ ಲಾಕರ್ ರೂಮ್‌ನಲ್ಲಿ ನಡೆದದ್ದು ಅಷ್ಟೇ ಮುಖ್ಯ. ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಕಣ್ಣೀರಿಟ್ಟು ಪಿಪ್ಪೆನ್ ಎದುರೇ ಮಾತಾಡಿದರು. ಪಿಪ್ಪೆನ್ ಕ್ಷಮೆ ಕೇಳಿದರು. ಬುಲ್ಸ್ ಮುಂದಿನ ಪಂದ್ಯ ಗೆದ್ದು ಸರಣಿಯನ್ನು 2-2ಕ್ಕೆ ತಂದಿತು, ಏಳನೇ ಪಂದ್ಯದಲ್ಲಷ್ಟೇ ಸೋತು ಹೊರಬಿತ್ತು. ಬಿರುಕನ್ನು ಅದೇ ರಾತ್ರಿ, ಕೋಚ್ ಬದಲು ಸಹ ಆಟಗಾರನೊಬ್ಬ, ಮುಖಕ್ಕೆ ಮುಖ ಕೊಟ್ಟು ಎತ್ತಿದ್ದರಿಂದ ಅದು ಹಬ್ಬಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ 2018ರ ನವೆಂಬರ್‌ನ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಕ್ಲಿಪ್ಪರ್ಸ್ ವಿರುದ್ಧ ನಿಗದಿತ ಅವಧಿಯ ಕೊನೆಯ ಸೆಕೆಂಡ್‌ಗಳಲ್ಲಿ ರೀಬೌಂಡ್ (ತಪ್ಪಿದ ಶಾಟ್‌ನಿಂದ ಪುಟಿದ ಚೆಂಡು) ಹಿಡಿದ ಡ್ರೇಮಂಡ್ ಗ್ರೀನ್ ತಾವೇ ಚೆಂಡು ಒಯ್ದರು; ಪಕ್ಕದಲ್ಲಿ ಚಪ್ಪಾಳೆ ತಟ್ಟಿ ಚೆಂಡು ಕೇಳುತ್ತಿದ್ದ ಡ್ಯೂರಾಂಟ್‌ಗೆ ಕೊಡಲಿಲ್ಲ, ಶಾಟ್ ಆಗುವ ಮುನ್ನವೇ ಕಳೆದುಕೊಂಡರು. ಬೆಂಚಿನಲ್ಲಿ ಶುರುವಾದ ಜಗಳ ಡ್ಯೂರಾಂಟ್ ಅವರ ಮುಗಿಯುತ್ತಿದ್ದ ಒಪ್ಪಂದದವರೆಗೆ ಹೋಯಿತು. ಗ್ರೀನ್‌ಗೆ ಒಂದು ಪಂದ್ಯದ ಅಮಾನತು. ಎರಡು ಪ್ರಶಸ್ತಿ ಒಟ್ಟಿಗೆ ಗೆದ್ದ ತಂಡ ಅದು. ಮುಂದಿನ ಬೇಸಿಗೆಯಲ್ಲಿ ಡ್ಯೂರಾಂಟ್ ಬ್ರೂಕ್ಲಿನ್ ಸೇರಿದರು. ಒಂದು ಜಗಳದಿಂದಲೇ ಹೋದರು ಎನ್ನುವುದು ಅತಿ ಸರಳ. ಆದರೆ ಎರಡೂ ಘಟನೆಯಲ್ಲಿ ಕೊನೆಯ ಚೆಂಡಿನ ಕೆಳಗೆ ಒಪ್ಪಂದದ ಕಾಗದ ಇತ್ತು ಎಂಬುದನ್ನು ಮರೆಯಬಾರದು.

ಸ್ನೇಹ ಬೇರೆ, ಹೊಂದಾಣಿಕೆ ಬೇರೆ

ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್ ನಡುವೆ ಹಾರ್ದಿಕತೆ ಇರಲಿಲ್ಲ. ಆದರೂ ಲೇಕರ್ಸ್ 2000, 2001, 2002ರಲ್ಲಿ ಸತತ ಮೂರು ಪ್ರಶಸ್ತಿ ಗೆದ್ದಿತು. ಆ ವರ್ಷಗಳಲ್ಲಿ ಶ್ರೇಣಿ ಸ್ಪಷ್ಟವಿತ್ತು: ದಾಳಿ ಮೊದಲು ಓನೀಲ್ ಮೂಲಕ. ಮೂರು ಸಲವೂ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಅವರೇ. ಕೋಬಿ ಬೆಳೆದಂತೆ ಆ ಶ್ರೇಣಿ ಪ್ರಶ್ನೆಗೊಳಗಾಯಿತು, ಹೊಸದು ತೀರ್ಮಾನವಾಗಲಿಲ್ಲ. 2003ರಲ್ಲಿ ಕಾರ್ಲ್ ಮಲೋನ್ ಮತ್ತು ಗ್ಯಾರಿ ಪೇಟನ್ ಕೂಡ ಬಂದರು. ಮಲೋನ್ ಒಪ್ಪಿದ್ದು ಕೇವಲ 15 ಲಕ್ಷ ಡಾಲರ್‌ಗೆ. ಹಣದ ಅಹಂ ಅಲ್ಲಿರಲಿಲ್ಲ. 2004ರ ಫೈನಲ್ಸ್‌ನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಈ ತಂಡವನ್ನು 4-1ರಿಂದ ಸೋಲಿಸಿತು.

ಆ ಸರಣಿಯ ಅಂಕಿಗಳೇ ಕಥೆ ಹೇಳುತ್ತವೆ. ಓನೀಲ್ 84 ಶಾಟ್‌ಗಳಲ್ಲಿ 53 ಹಾಕಿದರು, ಶೇ 63. ಕೋಬಿ 113ರಲ್ಲಿ 43, ಶೇ 38. ಶೇ 63ರ ದರದಲ್ಲಿ ಬುಟ್ಟಿಗೆ ಹಾಕುವವನಿಗಿಂತ ಶೇ 38ರವರು 29 ಶಾಟ್ ಹೆಚ್ಚು ಹೊಡೆದರು. ಪಿಸ್ಟನ್ಸ್ ಇದನ್ನು ಬಯಸಿಯೇ ಮಾಡಿಸಿತು ಎನ್ನುವುದೂ ನಿಜ: ಓನೀಲ್‌ರನ್ನು ಬೆನ್ ವಾಲೇಸ್ ಬಹುಪಾಲು ಒಬ್ಬರೇ ತಡೆದರು, ಟೇಶಾನ್ ಪ್ರಿನ್ಸ್ ಉದ್ದ ತೋಳುಗಳಿಂದ ಕೋಬಿಯನ್ನು ದೂರದ ಕಷ್ಟದ ಶಾಟ್‌ಗಳಿಗೆ ದೂಡಿದರು. ಎದುರಾಳಿಯ ಒಡಕು ಎಲ್ಲಿದೆ ಎಂದು ಗೊತ್ತಿದ್ದರೆ ರಕ್ಷಣೆಯನ್ನೇ ಅದರ ಸುತ್ತ ಕಟ್ಟಬಹುದು. ಇಡೀ ವೃತ್ತಿಜೀವನ ಚೆಂಡು ಕೈಯಲ್ಲಿಟ್ಟುಕೊಂಡು ಆಡಿದ್ದ ಪೇಟನ್, ಪಾಸ್ ಕೊಟ್ಟು ಮೂಲೆಗೆ ಓಡಬೇಕಾದ ಪದ್ಧತಿಯಲ್ಲಿ ಪಂದ್ಯಕ್ಕೆ 4.2 ಅಂಕಕ್ಕೆ ಕುಸಿದರು. ಮಲೋನ್ ಮೊಣಕಾಲಿನ ಗಾಯದಿಂದ ಕುಂಟುತ್ತಿದ್ದರು; ಅದನ್ನು ಬಿಟ್ಟು ಎಲ್ಲವನ್ನೂ ಅಹಂ ತಲೆಗೆ ಕಟ್ಟುವುದು ಪ್ರಾಮಾಣಿಕವಾಗದು. ಆ ಬೇಸಿಗೆಯಲ್ಲಿ ಓನೀಲ್ ಮಯಾಮಿಗೆ ಹೋದರು.

ಮಯಾಮಿಯಲ್ಲೇ ಆರು ವರ್ಷದ ನಂತರ ಇದರ ಉಲ್ಟಾ ನಡೆಯಿತು. ಡ್ವೇನ್ ವೇಡ್ ಇದ್ದ ತಂಡಕ್ಕೆ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಷ್ ಬಂದರು. ಮೊದಲ 17 ಪಂದ್ಯದಲ್ಲಿ 9 ಗೆಲುವು, 8 ಸೋಲು. ವೇಡ್ ಮತ್ತು ಲೆಬ್ರಾನ್ ಇಬ್ಬರದೂ ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗುವ ಆಟ. ಒಬ್ಬರು ನುಗ್ಗಿದಾಗ ಇನ್ನೊಬ್ಬರು ನಿಂತು ನೋಡುತ್ತಿದ್ದರು. 2011ರ ಫೈನಲ್ಸ್‌ನಲ್ಲಿ ಲೆಬ್ರಾನ್ ಸರಾಸರಿ 17.8 ಅಂಕಕ್ಕೆ ಇಳಿದರು, ಡಲ್ಲಾಸ್ ಗೆದ್ದಿತು. ಆಮೇಲೆ ವೇಡ್ ಮುನ್ನಡೆಸುವ ಹೊಣೆಯನ್ನು ಲೆಬ್ರಾನ್‌ಗೆ ಬಾಯಿಬಿಟ್ಟು ವಹಿಸಿಕೊಟ್ಟರು. ಬಿಟ್ಟುಕೊಟ್ಟವರು ಆ ಊರಿನ ಹೀರೋ, 2006ರ ಫೈನಲ್ಸ್‌ನ ಅತ್ಯುತ್ತಮ ಆಟಗಾರ. ಹೊಸದಾಗಿ ಬಂದವನಿಗೆ ‘ಹೊಂದಿಕೊಂಡು ಹೋಗು’ ಎನ್ನುವುದು ಸುಲಭ. ಮೊದಲು ಬಿಡಬೇಕಾದವನು ಹಕ್ಕು ಹೆಚ್ಚಿರುವವನು, ಮತ್ತದು ಎಲ್ಲರಿಗೂ ಕಾಣುವಂತೆ ಆಗಬೇಕು. 2012, 2013ರಲ್ಲಿ ಪ್ರಶಸ್ತಿ ಬಂತು.

ಹೊಂದಾಣಿಕೆ ಅಂಕಣದಲ್ಲಿ ಹೇಗೆ ಕಾಣುತ್ತದೆ? ಅಸಿಸ್ಟ್ (ಅಂಕಕ್ಕೆ ದಾರಿಮಾಡಿದ ಪಾಸ್) ಎಣಿಸುವುದಕ್ಕಿಂತ ರಕ್ಷಣೆ ನೋಡುವುದು ಉತ್ತಮ. ಎದುರಾಳಿ ಸ್ಕ್ರೀನ್ ಹಾಕಿದಾಗ, ಅಂದರೆ ರಕ್ಷಕನ ದಾರಿಗೆ ಅಡ್ಡ ನಿಂತಾಗ, ಹಿಂದಿರುವ ದೊಡ್ಡ ಆಟಗಾರ (ಬುಟ್ಟಿಯ ಬಳಿ ಆಡುವ ಎತ್ತರದವನು) ಕೂಗಿ ಹೇಳಬೇಕು. ಅವನು ಮುಂದೆ ಬಂದರೆ ಮೂಲೆಯವನು ಬುಟ್ಟಿಯ ಕೆಳಗೆ ಜಾರಬೇಕು. ಅವನು ಬಿಟ್ಟ ಮೂಲೆಗೆ ಇನ್ನೊಬ್ಬ ಓಡಬೇಕು. ಈ ಮೂರೂ ಒಂದೆರಡು ಸೆಕೆಂಡಿನಲ್ಲಿ ಮುಗಿಯಬೇಕು. ಬೇರೆಯವನ ಆಟಗಾರನನ್ನು ತಡೆಯಲು ಹೋದವನ ತಲೆಯ ಮೇಲೇ ಅಂಕ ಬಿದ್ದಂತೆ ವಿಡಿಯೊದಲ್ಲಿ ಕಾಣುತ್ತದೆ. ಸಹ ಆಟಗಾರನ ಮೇಲೆ ನಂಬಿಕೆ ಇಲ್ಲದವನು ಅರ್ಧ ಹೆಜ್ಜೆ ತಡಮಾಡುತ್ತಾನೆ, ತನ್ನವನನ್ನು ಬಿಟ್ಟು ಕದಲುವುದಿಲ್ಲ. ಆ ಅರ್ಧ ಹೆಜ್ಜೆಯಲ್ಲೇ ಎದುರಾಳಿಗೆ ಲೇಅಪ್, ಅಂದರೆ ಬುಟ್ಟಿಯ ಬುಡದ ಸುಲಭ ಶಾಟ್, ಸಿಗುತ್ತದೆ.

ಬೇರೆ ಸೂಚನೆಗಳೂ ಇವೆ. ಶಾಟ್ ತಪ್ಪಿದ ಮೇಲೆ ರೆಫರಿಯತ್ತ ಕೈ ಎತ್ತಿ ನಿಂತು ಹಿಂದಕ್ಕೆ ಓಡದಿರುವುದು. ಬಿದ್ದ ಸಹ ಆಟಗಾರನನ್ನು ಎಬ್ಬಿಸಲು ಯಾರೂ ಹೋಗದಿರುವುದು. ‘ಈ ಸಲ ನಿನ್ನದು, ಮುಂದಿನ ಸಲ ನನ್ನದು’ ಎಂಬಂತೆ ಸರದಿಯಲ್ಲಿ ಒಂಟಿ ದಾಳಿಗಳು. ಇನ್ನೊಂದು ಸುಲಭವಾಗಿ ಕಣ್ಣಿಗೆ ಬೀಳದು: ದೊಡ್ಡ ಆಟಗಾರ ಸ್ಕ್ರೀನ್ ಹಾಕಿದ ಮೇಲೆ ಬುಟ್ಟಿಯತ್ತ ಪೂರ್ತಿ ವೇಗದಲ್ಲಿ ಓಡುತ್ತಿದ್ದಾನೋ ಇಲ್ಲವೋ. ಹತ್ತು ಸಲ ಓಡಿ ಒಮ್ಮೆಯೂ ಚೆಂಡು ಸಿಗದಿದ್ದರೆ ಹನ್ನೊಂದನೆಯ ಸಲ ಅವನು ಜಾಗಿಂಗ್ ಮಾಡುತ್ತಾನೆ. ಅವನು ಓಡದಿದ್ದರೆ ರಕ್ಷಕರು ಒಳಗೆ ಕುಗ್ಗುವುದಿಲ್ಲ, ಹೊರಗಿನ ಶೂಟರ್‌ಗೆ ಜಾಗ ತೆರೆಯುವುದಿಲ್ಲ. ತಾರೆಯ ಮೂರು ಅಂಕದ ಶಾಟ್ ಹುಟ್ಟುವುದು ಯಾರೂ ಎಣಿಸದ ಆ ಓಟದಲ್ಲಿ.

ಒಳ್ಳೆಯ ಕೋಚ್‌ಗಳು ಇದನ್ನು ಉಪದೇಶದಿಂದ ಸರಿಪಡಿಸುವುದಿಲ್ಲ. ಮೊದಲ ಐದು ನಿಮಿಷದಲ್ಲಿ ಒಂದೆರಡು ದಾಳಿಯನ್ನು ಆ ದೊಡ್ಡ ಆಟಗಾರನಿಗೇ ಮೀಸಲಿಟ್ಟರೆ ಉಳಿದ ಹೊತ್ತು ಅವನು ಓಡುತ್ತಾನೆ. ಇಬ್ಬರು ತಾರೆಯರ ನಿಮಿಷಗಳನ್ನು ಹೆಣೆದು, ಒಬ್ಬರು ಕೂತಾಗ ಇನ್ನೊಬ್ಬರು ಆಡುವಂತೆ ಮಾಡಿದರೆ ಇಬ್ಬರಿಗೂ ತಮ್ಮದೇ ರಾಜ್ಯವಾಳುವ ಹತ್ತು-ಹನ್ನೆರಡು ನಿಮಿಷ ಸಿಗುತ್ತದೆ. ಒಟ್ಟಿಗೆ ಆಡುವಾಗ ಬಿಟ್ಟುಕೊಡುವುದು ಹಗುರಾಗುತ್ತದೆ. ಸ್ಯಾನ್ ಆಂಟೋನಿಯೊದಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಎಲ್ಲರೆದುರು ಗದರುತ್ತಿದ್ದುದು ಅತಿ ದೊಡ್ಡ ಆಟಗಾರ ಟಿಮ್ ಡಂಕನ್‌ರನ್ನೇ. ಡಂಕನ್ ಬಾಯಿಮುಚ್ಚಿ ಕೇಳಿಸಿಕೊಂಡ ಮೇಲೆ ಹನ್ನೆರಡನೇ ಆಟಗಾರ ತಕರಾರು ತೆಗೆಯಲು ಜಾಗವೇ ಇರಲಿಲ್ಲ. 2013-14ರಲ್ಲಿ ಆ ತಂಡದ ಒಬ್ಬನೂ ಸರಾಸರಿ 30 ನಿಮಿಷ ಆಡಲಿಲ್ಲ. ಫೈನಲ್ಸ್‌ನಲ್ಲಿ ಲೆಬ್ರಾನ್‌ರ ಮಯಾಮಿಯನ್ನು 4-1ರಿಂದ ಮಣಿಸಿತು.

ಬೆಂಚಿಗೆ ಕಳಿಸುವುದು ಎಲ್ಲಕ್ಕಿಂತ ಕಠಿಣ. ಹತ್ತು ಋತುಗಳಲ್ಲಿ ಒಮ್ಮೆಯೂ ಬೆಂಚಿನಿಂದ ಆಡದಿದ್ದ ಆಂಡ್ರೆ ಇಗುಡಾಲರನ್ನು ವಾರಿಯರ್ಸ್ ಕೋಚ್ ಸ್ಟೀವ್ ಕೆರ್ 2014ರಲ್ಲಿ ಬೆಂಚಿಗೆ ಇಳಿಸಿದರು. ಅವರು ಒಪ್ಪಿದರು. 2015ರ ಫೈನಲ್ಸ್‌ನಲ್ಲಿ ವಾರಿಯರ್ಸ್ 1-2 ಹಿಂದಿದ್ದಾಗ ಅವರನ್ನೇ ಆರಂಭಿಕರನ್ನಾಗಿ ಇಳಿಸಲಾಯಿತು. ಸರಣಿಯ ಅತ್ಯುತ್ತಮ ಆಟಗಾರ ಅವರಾದರು. ಇದು ಸಾಧ್ಯವಾದದ್ದು ಅವರ ನಿಮಿಷಗಳು ತೀರಾ ಕುಸಿಯದಂತೆ, ಪಂದ್ಯ ಮುಗಿಸುವ ಐವರಲ್ಲಿ ಅವರು ಹೆಚ್ಚಾಗಿ ಇರುವಂತೆ ಕೆರ್ ನೋಡಿಕೊಂಡದ್ದರಿಂದ. ಆರಂಭಿಸುವ ಗೌರವ ಕಿತ್ತುಕೊಂಡರೆ ಮುಗಿಸುವ ಗೌರವ ಕೊಡಬೇಕು. ಎರಡನ್ನೂ ಕಿತ್ತುಕೊಂಡ ಕಡೆ ಇದೇ ಪ್ರಯೋಗ ಕೈಕೊಟ್ಟಿದೆ.

ಸಂಶೋಧನೆ ಏನು ಹೇಳುತ್ತದೆ? 2014ರಲ್ಲಿ ಮನಶ್ಶಾಸ್ತ್ರಜ್ಞರ ಅಧ್ಯಯನವೊಂದು, ಪ್ರತಿಭಾವಂತರ ಪ್ರಮಾಣ ಒಂದು ಮಿತಿ ದಾಟಿದರೆ ಬ್ಯಾಸ್ಕೆಟ್‌ಬಾಲ್ ತಂಡದ ಫಲಿತಾಂಶ ಕೆಡುತ್ತದೆ, ಪರಸ್ಪರ ಅವಲಂಬನೆ ಕಡಿಮೆಯಿರುವ ಬೇಸ್‌ಬಾಲ್‌ನಲ್ಲಿ ಹಾಗಾಗದು ಎಂದಿತು. 2021ರಲ್ಲಿ ಎನ್‌ಬಿಎ ಅಂಕಿಅಂಶ ಮರುಪರಿಶೀಲಿಸಿದ ಬೇರೆ ಸಂಶೋಧಕರು, ಹೆಚ್ಚು ಪ್ರತಿಭೆಯಿಂದ ಹಾನಿಯಾದ ಪುರಾವೆ ಇಲ್ಲ ಎಂದು ಖಂಡಿಸಿದರು. ಎರಡನೆಯದೇ ಹೆಚ್ಚು ನಂಬಲರ್ಹವೆನಿಸುತ್ತದೆ. ಪ್ರತಿಭೆ ಬೇಡವೆನ್ನುವ ಪ್ರಶಸ್ತಿ ವಿಜೇತ ತಂಡ ಸಿಗುವುದಿಲ್ಲ. ಇನ್ನೊಂದು ಅಧ್ಯಯನ, 2008-09ರ ಋತುವಿನ ಆರಂಭದ ಪಂದ್ಯಗಳಲ್ಲಿ ಆಟಗಾರರು ಒಬ್ಬರನ್ನೊಬ್ಬರು ಮುಟ್ಟುವುದನ್ನು, ಅಂದರೆ ಕೈ ತಟ್ಟುವುದು, ಮುಷ್ಟಿ ತಾಗಿಸುವುದು, ಅಪ್ಪಿಕೊಳ್ಳುವುದನ್ನು ಎಣಿಸಿತು. ಹೆಚ್ಚು ಮುಟ್ಟಿದ ತಂಡಗಳು ಋತುವಿನ ಮುಂದಿನ ಭಾಗದಲ್ಲಿ ಚೆನ್ನಾಗಿ ಆಡಿದವು. ಹಾಗೆಂದು ಸೋಲುವ ತಂಡಕ್ಕೆ ಅಪ್ಪುಗೆ ಕಲಿಸಿದರೆ ಗೆಲ್ಲುವುದಿಲ್ಲ. ಗೆಲುವು ಕೂಡ ಹೊಂದಾಣಿಕೆ ಹುಟ್ಟಿಸುತ್ತದೆ. ಸೋತ ಮೇಲೆ ಹಿಂದಿರುಗಿ ನೋಡಿದರೆ ಎಲ್ಲವೂ ಜಗಳದಂತೆ ಕಾಣುತ್ತದೆ. ಡ್ಯೂರಾಂಟ್, ಕೈರಿ ಇರ್ವಿಂಗ್, ಜೇಮ್ಸ್ ಹಾರ್ಡನ್ ಇದ್ದ ಬ್ರೂಕ್ಲಿನ್ ನೆಟ್ಸ್ ವಿಷಯದಲ್ಲಿ ಇದನ್ನು ನೆನಪಿಡಬೇಕು. ಮೂವರೂ ಒಟ್ಟಿಗೆ ಆಡಿದ ಲೀಗ್ ಪಂದ್ಯಗಳು ಬರೀ 16, ಅದರಲ್ಲಿ 13 ಗೆದ್ದರು. ಗಾಯ, ಕೋವಿಡ್ ಲಸಿಕೆ ವಿವಾದ, ವರ್ಗಾವಣೆಯ ಬೇಡಿಕೆ ಸೇರಿ ತಂಡವನ್ನು ಅಂಕಣದ ಹೊರಗೇ ಮುಗಿಸಿದವು.

ಈಚಿನ ದಿನಗಳಲ್ಲಿ ಜಗಳದ ಕೇಂದ್ರ ಚೆಂಡಿನಿಂದ ಹಣದತ್ತ ಸರಿದಿದೆ. ಜಿಮ್ಮಿ ಬಟ್ಲರ್ ಒಪ್ಪಂದ ವಿಸ್ತರಣೆ ಬಯಸಿದರು, ಮಯಾಮಿ ಕೊಡಲಿಲ್ಲ. 2025ರ ಜನವರಿಯಲ್ಲಿ ಅವರಿಗೆ ಮೊದಲು ಏಳು ಪಂದ್ಯ, ಆಮೇಲೆ ತಂಡದ ವಿಮಾನ ತಪ್ಪಿಸಿದ್ದಕ್ಕೆ ಎರಡು, ಕೊನೆಗೆ ಬೆಂಚಿನಿಂದ ಆಡಬೇಕೆಂದಾಗ ಅಭ್ಯಾಸ ಬಿಟ್ಟು ಹೊರನಡೆದದ್ದಕ್ಕೆ ಅನಿರ್ದಿಷ್ಟ ಅಮಾನತು. ಫೆಬ್ರವರಿಯಲ್ಲಿ ವಾರಿಯರ್ಸ್ ಅವರನ್ನು ವಿನಿಮಯದಲ್ಲಿ ಪಡೆದು, ಎರಡು ವರ್ಷಕ್ಕೆ 11 ಕೋಟಿ ಡಾಲರ್ ದಾಟಿದ ಒಪ್ಪಂದ ಕೊಟ್ಟಿತು. ಅದೇ ಮನುಷ್ಯ ಅಲ್ಲಿ ಸ್ಟೀಫನ್ ಕರಿಗೆ ಎರಡನೆಯವನಾಗಿ ಆಡಿ ತಂಡವನ್ನು ಪ್ಲೇಆಫ್ ಮುಟ್ಟಿಸಿದರು. ಸ್ವಭಾವ ಒಂದು ತಿಂಗಳಲ್ಲಿ ಬದಲಾಗಿರಲಾರದು, ಬಾಕಿಯಿದ್ದ ಲೆಕ್ಕ ಚುಕ್ತಾ ಆಗಿತ್ತು. ಇದರ ಅರ್ಥ ಮಯಾಮಿ ಕೊಡಬೇಕಿತ್ತೆಂದಲ್ಲ. 35 ವರ್ಷದ, ಆಗಾಗ ಗಾಯಗೊಳ್ಳುವ ಆಟಗಾರನಿಗೆ ಇಲ್ಲವೆನ್ನುವುದಕ್ಕೂ ಕಾರಣಗಳಿದ್ದವು. ಆದರೆ ಇಲ್ಲವೆಂದ ಮೇಲೆ ಅವರನ್ನಿಟ್ಟುಕೊಂಡೇ ಋತು ಶುರುಮಾಡಿದ್ದು ದುಬಾರಿಯಾಯಿತು.

ಲೀಗ್ ಮತ್ತು ಆಟಗಾರರ ನಡುವಿನ 2023ರ ವೇತನ ಒಪ್ಪಂದ ತಂದ ‘ಎರಡನೇ ಏಪ್ರನ್’, ಅಂದರೆ ತಂಡದ ಒಟ್ಟು ಸಂಬಳಕ್ಕೆ ಎಳೆದ ಮೇಲಿನ ಗೆರೆ, ಈ ಬಿಗಿಯನ್ನು ಇನ್ನಷ್ಟು ಹೆಚ್ಚಿಸಿದೆ. 2025-26ಕ್ಕೆ ಆ ಗೆರೆ ಸುಮಾರು 20.78 ಕೋಟಿ ಡಾಲರ್. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಮಧ್ಯಮ ದರ್ಜೆಯ ಒಪ್ಪಂದಕ್ಕಿರುವ ವಿನಾಯಿತಿ ಬಳಸುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನು (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿಯನ್ನು) ಬೇರೆ ತಂಡಕ್ಕೆ ಕೊಡುವಂತಿಲ್ಲ. ಸನ್ಸ್ ಸಿಕ್ಕಿಬಿದ್ದದ್ದು ಇಲ್ಲೇ. ಮೂವರು ಹೊಂದುತ್ತಿಲ್ಲ ಎಂದು ಗೊತ್ತಾದರೂ ಬದಲಿಸುವ ದಾರಿ ಇರಲಿಲ್ಲ. ಬೀಲ್ ಒಪ್ಪಂದದಲ್ಲಿ ಅವರ ಒಪ್ಪಿಗೆಯಿಲ್ಲದೆ ಬೇರೆಡೆ ಕಳಿಸಬಾರದೆಂಬ ಷರತ್ತೂ ಇತ್ತು. ಇದಕ್ಕೆ ವಿರುದ್ಧವಾಗಿ ನಿಕ್ಸ್‌ನ ಜೇಲನ್ ಬ್ರನ್ಸನ್ ಇನ್ನೊಂದು ವರ್ಷ ಕಾದಿದ್ದರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಡಾಲರ್ ಪಡೆಯಬಹುದಿತ್ತು. 2024ರಲ್ಲೇ ನಾಲ್ಕು ವರ್ಷಕ್ಕೆ 15.65 ಕೋಟಿಗೆ ಸಹಿ ಹಾಕಿದರು. ಮರು ಋತುವಿನಲ್ಲಿ ನಿಕ್ಸ್ 25 ವರ್ಷಗಳ ನಂತರ ಪೂರ್ವ ವಿಭಾಗದ ಫೈನಲ್ ಆಡಿತು.

2025ರ ಚಾಂಪಿಯನ್ ಒಕ್ಲಹೋಮ ಸಿಟಿ ಥಂಡರ್‌ಗೂ ಇದೇ ಪರೀಕ್ಷೆ. 68 ಪಂದ್ಯ ಗೆದ್ದ ಆ ತಂಡದಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಶೇ ಗಿಲ್ಜಸ್-ಅಲೆಕ್ಸಾಂಡರ್ ಇದ್ದೂ ಸಂದರ್ಶನಕ್ಕೆ ಇಡೀ ತಂಡ ಕ್ಯಾಮೆರಾ ಮುಂದೆ ಗುಂಪುಗೂಡುತ್ತಿತ್ತು. ಆ ಜುಲೈನಲ್ಲಿ ಅವರು, ಚೆಟ್ ಹೋಮ್‌ಗ್ರೆನ್, ಜೇಲನ್ ವಿಲಿಯಮ್ಸ್ ಮೂವರೂ ಭಾರಿ ಒಪ್ಪಂದಗಳಿಗೆ ಸಹಿ ಹಾಕಿದರು. ಗರಿಷ್ಠ ಲೆಕ್ಕದಲ್ಲಿ ಒಟ್ಟು 80 ಕೋಟಿ ಡಾಲರ್ ದಾಟುತ್ತದೆ. ಹೋಮ್‌ಗ್ರೆನ್ ಮತ್ತು ವಿಲಿಯಮ್ಸ್ ಅವರ ಹೊಸ ಸಂಬಳ ಶುರುವಾಗುವುದು 2026-27ರಲ್ಲಿ. ಎದುರಾಳಿಯ ಮುಖ್ಯ ಸ್ಕೋರರ್‌ಗೆ ಅಂಟಿಕೊಳ್ಳುವ ಲುಗೆಂಟ್ಜ್ ಡಾರ್ಟ್, ಸ್ಕ್ರೀನ್ ಹಾಕಿ ಚೆಂಡು ಹರಿಸುವ ಐಸಾಯ ಹಾರ್ಟೆನ್‌ಸ್ಟೈನ್ ಇಬ್ಬರ ಒಪ್ಪಂದದ ಕೊನೆಯ ವರ್ಷವೂ ಅದೇ, ಮತ್ತು ಅದನ್ನು ಉಳಿಸಿಕೊಳ್ಳುವುದು ಬಿಡುವುದು ತಂಡದ ಆಯ್ಕೆ. ಇಬ್ಬರ ಕೆಲಸವೂ ಯೂಸೇಜ್ ರೇಟ್‌ನಲ್ಲಿ ಕಾಣುವುದಿಲ್ಲ. ಆಡಳಿತ ಅದಕ್ಕೆ ಎಷ್ಟು ಬೆಲೆ ಕಟ್ಟುತ್ತದೆ ಎಂಬುದನ್ನು ಲಾಕರ್ ರೂಮ್‌ನ ಉಳಿದವರೆಲ್ಲ ಗಮನಿಸುತ್ತಿರುತ್ತಾರೆ.